ಹತ್ತು ಪೈಸೆಯ ಹೆಬ್ಬೆಟ್ಟು

"ಅಮಿತಾ ರಮಾನಂದ ಅಂದ್ರೆ ನೀವೆಯಾ?"

ಟೈಪ್ ಯಂತ್ರದ ಮೇಲೆ ಓಡುತ್ತಿದ್ದ ಬೆರಳುಗಳು ನಿಂತವು. ಅಮಿತಾ ತಲೆಯೆತ್ತಿದಳು.

ಎದುರಿಗೆ ನಿಂತವನ ಅಂಗಿ ಬೆವರಿಗೆ ಮೈಗಂಟಿತ್ತು. ಬಲಗೈ ಮಣಿಕಟ್ಟಿಗೆ ಮಾಸಿದ ಬಟ್ಟೆ ಸುತ್ತಿಕೊಂಡಿದ್ದ. ಕಣ್ಣು ಕೆಂಪಗಿತ್ತು, ಕುಡಿದು ಅಲ್ಲ, ನಿದ್ದೆಗೆಟ್ಟು. ಇನ್ನೊಂದು ಕೈಯಲ್ಲಿ ಮುದುಡಿದ ಒಂದು ಚೀಟಿ.

2006ರ ಮಾರ್ಚ್ ತಿಂಗಳು. ಕುಮಟಾದ ತಾಲೂಕು ಕಚೇರಿಯ ಎದುರಿನ ತಗಡಿನ ಮಾಡಿನಡಿ ಕೂತು ಅವಳು ಬೆಳಗಿನಿಂದ ಹದಿನೆಂಟು ಅರ್ಜಿ ಟೈಪ್ ಮಾಡಿದ್ದಳು. ಹತ್ತೊಂಬತ್ತನೆಯದು ಇನ್ನೂ ಯಂತ್ರದಲ್ಲೇ ಇತ್ತು.

"ಹೌದು. ಎಂತ ಆಗ್ಬೇಕಿತ್ತು? ಅರ್ಜಿಯಾ, ಅಫಿಡವಿಟ್ಟಾ?"

"ಎರಡೂ ಅಲ್ಲ. ಭಟ್ಕಳದ ಸೈಬರಿನವ ಕಂಪ್ಯೂಟರಲ್ಲಿ ಹಳೇ ಕಾಗದದ ಕಟ್ಟು ಹರಾಜಿಗೆ ಹಾಕಿದ್ನಲ್ಲ, ಜನವರಿಯಲ್ಲಿ... ಅದನ್ನ ತಕಂಡವ್ರು ನೀವೆಯಾ?"

ಅಮಿತಾ ಯಂತ್ರದಿಂದ ಕೈ ತೆಗೆದಳು.

'ಗೊತ್ತಾಗಿ ಹೋಗಿದೆ! ಆ ಸ್ಟಾಂಪಿನ ಬೆಲೆ ಯಾರೋ ಇವನಿಗೆ ಹೇಳಿದ್ದಾರೆ...'

ಅವನು ಕೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟ. ಕೊರಿಯರಿನ ರಸೀದಿ. ಅದರ ಮೇಲೆ ಅವಳದೇ ಹೆಸರು, ಅವಳದೇ ವಿಳಾಸ.

"ನೋಡಿ," ಅವಳ ದನಿ ತಾನಾಗಿ ಗಡುಸಾಯಿತು. "ಹರಾಜಲ್ಲೇ ತಕಂಡದ್ದು. ನೂರಾ ನಲವತ್ತು ರೂಪಾಯಿಗೆ. ಬೇರೆ ಯಾರೂ ಕೂಗ್ಲಿಲ್ಲ. ಒಳಗೆ ಎಂತ ಇದೆ ಅಂತ ಮಾರುವವನಿಗೇ ಗೊತ್ತಿಲ್ದಿದ್ರೆ ಅದು ನನ್ನ ತಪ್ಪಲ್ಲ. ಈಗ ಬಂದು ಹೆಚ್ಚು ದುಡ್ಡು ಕೇಳಿದ್ರೆ..."

"ದುಡ್ಡಾ?"

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಅವನಲ್ಲಿ ಉಳಿದಂತಿರಲಿಲ್ಲ.

"ಆ ಕಟ್ಟಲ್ಲಿ ನನ್ನ ಅವ್ವಿ ಹೆಬ್ಬೆಟ್ಟು ಇತ್ತು ಮೇಡಮ್ಮೋರೆ."

ಅವನ ಹೆಸರು ರಾಜೀವ. ತದಡಿಯವನು. ರತ್ನಾಗಿರಿಯ ಬೋಟಿನಲ್ಲಿ ದುಡಿಯುತ್ತಿದ್ದವನು, ಬಲೆ ಎಳೆಯುವ ಹಗ್ಗಕ್ಕೆ ಕೈ ಸಿಕ್ಕಿ ಊರಿಗೆ ಬಂದಿದ್ದ. ಬಂದು ನೋಡಿದರೆ ಮನೆಯಲ್ಲಿದ್ದ ತಗಡಿನ ಟ್ರಂಕು ಇಲ್ಲ! ತಂಗಿ ಮನೆ ಒಪ್ಪ ಮಾಡುವಾಗ ಹಳೇ ಕಾಗದವೆಂದು ಟ್ರಂಕಿನ ಸಮೇತ ಗುಜರಿಯವನಿಗೆ ಕೊಟ್ಟಿದ್ದಳು. ಗುಜರಿಯಿಂದ ಅದು ಭಟ್ಕಳಕ್ಕೆ ಹೋಗಿತ್ತು, ಭಟ್ಕಳದಿಂದ ಕುಮಟಾಕ್ಕೆ ಬಂದಿತ್ತು.

"ಅವ್ವಿ ಮೀನು ಒಣಗಿಸೂ ಕಂಪನಿಗೆ ಹೋಗ್ತಿದ್ಲು. ಸಂಬಳ ತಕಂಬಾಗ ಸ್ಟಾಂಪಿನ ಮೇಲೆ ಹೆಬ್ಬೆಟ್ಟು ಒತ್ತೂದು. ಅವ್ವಿ ಹೋದ ಮೇಲೆ ಗುಮಾಸ್ತರು ಅಂಥದ್ದೊಂದು ಚೀಟಿ ನನ್ನ ಕೈಗೆ ಕೊಟ್ಟಿದ್ರು. ನಮ್ಮನೇಲಿ ಅವ್ವಿದು ಒಂದು ಫೋಟೊ ಇಲ್ಲ... ಇದ್ದದ್ದು ಅದೊಂದೇಯ."

ಅವನು ಎಡಗೈಯಿಂದ ಜೇಬು ತಡಕಿ ಮಡಚಿದ ನೋಟುಗಳನ್ನು ತೆಗೆದ. "ನೂರಾ ನಲವತ್ತು ಅಂದ್ರಲ್ಲ. ಕೊಡ್ತೆ."

ಅಮಿತಾಳಿಗೆ ನೆಲ ಬಿರಿಯಬಾರದೇ ಅನಿಸಿತು.

"ಬೇಡ... ದುಡ್ಡು ಬೇಡ. ಮನೇಲಿ ಎಲ್ಲೋ ಇದೆ. ಹುಡುಕ್ತೆ."

ಅದು ಸುಳ್ಳು. ಆ ಸ್ಟಾಂಪು ಮನೆಯಲ್ಲಿರಲಿಲ್ಲ. ಫೆಬ್ರವರಿಯಲ್ಲೇ ಅವಳು ಅದನ್ನು ಮಾರಿಯಾಗಿತ್ತು!

* * *

ಹಳೆಯ ರೆವಿನ್ಯೂ ಸ್ಟಾಂಪಿನ ಹುಚ್ಚು ಅವಳಿಗೆ ಅಪ್ಪನಿಂದ ಬಂದದ್ದು.

ರಮಾನಂದರು ಮೂವತ್ತು ವರ್ಷ ಇದೇ ಕಚೇರಿಯೆದುರು ಛಾಪಾ ಕಾಗದ ಮಾರಿದವರು. ಸರಕಾರ ಆ ಮಾರಾಟವನ್ನೇ ನಿಲ್ಲಿಸಿದ ಮೇಲೆ ಅವರ ಪೆಟ್ಟಿಗೆ ಖಾಲಿಯಾಯಿತು, ನಿಧಾನಕ್ಕೆ ಕಣ್ಣೂ ಮಂಜಾಯಿತು. ಅಮ್ಮ ತೀರಿಕೊಂಡು ಆಗಲೇ ಹತ್ತು ವರ್ಷ. ನಿಶ್ಚಯವಾಗಿದ್ದ ಒಂದು ಸಂಬಂಧ ಅಮ್ಮನ ಕಾಯಿಲೆಯ ಹೊತ್ತಿಗೆ ಮುರಿದುಬಿತ್ತು. ಆಮೇಲೆ ಮದುವೆಯ ಮಾತು ಮನೆಯಲ್ಲಿ ತಾನಾಗಿ ಸವೆದುಹೋಯಿತು. ಅಮಿತಾಳಿಗೆ ಈಗ ಮೂವತ್ತಮೂರು. ಬೆಳಿಗ್ಗೆ ಗಂಜಿ, ಹಗಲೆಲ್ಲ ಟೈಪಿಂಗು, ಸಂಜೆ ಅಪ್ಪನ ಕಣ್ಣಿಗೆ ಮದ್ದು. ಬೆನ್ನು ನೋವು ಯಾವಾಗ ಶುರುವಾಯಿತೆಂದು ಅವಳಿಗೇ ನೆನಪಿರಲಿಲ್ಲ.

ಇದರ ನಡುವೆ ಅವಳದೇ ಎನ್ನುವಂತಿದ್ದದ್ದು ಭಾನುವಾರದ ಎರಡು ತಾಸು. ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆ, ಮೂಲೆಯ ಕಂಪ್ಯೂಟರು, ಹರಾಜಿನ ವೆಬ್‌ಸೈಟು.

ಅಗ್ಗಕ್ಕೆ ಒಳ್ಳೆಯ ಚೀಟಿ ಹೊಡೆಯುವುದರಲ್ಲಿ ಅವಳ ಕೈ ಮೀರಿಸುವವರು ಕಡಿಮೆ. ಅಂಚೆ ಚೀಟಿಗೆ ಎಲ್ಲರೂ ಮುಗಿಬೀಳುತ್ತಾರೆ. ರಸೀದಿಗೆ ಹಚ್ಚುವ ಚೀಟಿಯನ್ನು ಕೇಳುವವರಿಲ್ಲ. 'ರೆವಿನ್ಯೂ' ಎಂಬುದರ ಇಂಗ್ಲಿಷ್ ಅಕ್ಷರ ತಪ್ಪು ಬರೆದವರ ಮಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಅವಳು ಬೇಕೆಂದೇ ನಾಲ್ಕಾರು ಬಗೆಯಲ್ಲಿ ತಪ್ಪಾಗಿ ಟೈಪ್ ಮಾಡಿ ಹುಡುಕುತ್ತಿದ್ದಳು! 'ಹಳೇ ಕಾಗದ, ಒಂದು ಕಟ್ಟು' ಎಂದಷ್ಟೇ ಬರೆದ ಮಂಕು ಫೋಟೊಗಳ ಮೂಲೆಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದಳು. ಇಷ್ಟವಾದರೂ ಮೊದಲೇ ಬೆಲೆ ಕೂಗುತ್ತಿರಲಿಲ್ಲ. ಕೊನೆಯ ನಿಮಿಷದವರೆಗೆ ಸುಮ್ಮನಿದ್ದು ಒಂದೇ ಸಲ ಕೂಗುತ್ತಿದ್ದಳು.

ಭಟ್ಕಳದ ಕಟ್ಟು ಸಿಕ್ಕಿದ್ದೂ ಹಾಗೆಯೇ. ಒಳಗೊಂದು ಸಂಬಳದ ಚೀಟಿ, ಅದರ ಮೇಲೆ ಹತ್ತು ಪೈಸೆಯ ರೆವಿನ್ಯೂ ಸ್ಟಾಂಪು. ಆ ಸ್ಟಾಂಪಿನ ಒಂದು ಅಂಚಿಗೆ ತೂತಿನ ಸಾಲೇ ಬಿದ್ದಿರಲಿಲ್ಲ. ಅಚ್ಚಿನವರ ತಪ್ಪು! ಇಂಥ ತಪ್ಪಿಗೇ ಸಂಗ್ರಾಹಕರು ಬಾಯಿಬಿಡುವುದು. ನೀರಲ್ಲಿ ನೆನೆಸಿ ಬಿಡಿಸಿ, ಪುಣೆಯ ಒಬ್ಬ ಹಿರಿಯ ಸಂಗ್ರಾಹಕರಿಗೆ ಕಳಿಸಿದ್ದಳು. ಬಂದದ್ದು ಎರಡು ಸಾವಿರದ ಮುನ್ನೂರು ರೂಪಾಯಿ. ಆ ದುಡ್ಡೇ ಹೊನ್ನಾವರದ ಆಸ್ಪತ್ರೆಯಲ್ಲಿ ಅಪ್ಪನ ಎಡಗಣ್ಣಿನ ಪೊರೆ ತೆಗೆಸಿತ್ತು.

ರಾಜೀವ ಬಂದು ಹೋದ ದಿನ ಸಂಜೆ ಅವಳು ಉಳಿದ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿದಳು. ಆ ಸಂಬಳದ ಚೀಟಿ ಸಿಕ್ಕಿತು. ಸ್ಟಾಂಪು ಇದ್ದ ಜಾಗ ಬಿಳಿಯ ಚೌಕ. ಚೌಕದ ಕೆಳಗೆ ಕರಿ ಶಾಯಿಯ ಅರ್ಧಚಂದ್ರ... ಹೆಬ್ಬೆಟ್ಟಿನ ಬುಡ. ಮೇಲಿನ ಭಾಗ ಸ್ಟಾಂಪಿನ ಜೊತೆ ಪುಣೆಗೆ ಹೋಗಿತ್ತು. ಪಕ್ಕದಲ್ಲಿ ಗುಮಾಸ್ತನ ಅಕ್ಷರ: 'ನಾಗಿ ಕೋಂ ಶನಿಯಾರ ಅಂಬಿಗ, ಎಡಗೈ ಹೆಬ್ಬೆಟ್ಟು.'

ಇಷ್ಟು ದಿನ ಅವಳು ಆ ಹೆಸರನ್ನು ಓದಿಯೇ ಇರಲಿಲ್ಲ.

ಗೋಡೆಯ ಮೇಲೆ ಅಮ್ಮನ ಫೋಟೊ ಇತ್ತು. ಟ್ರಂಕಿನಲ್ಲಿ ಇನ್ನೂ ಹತ್ತಿದ್ದವು. ಮದುವೆಯದು, ಧರ್ಮಸ್ಥಳಕ್ಕೆ ಹೋದಾಗಿನದು, ನಗುತ್ತಿರುವುದು, ಮುನಿಸಿಕೊಂಡಿರುವುದು...

'ನಾನು ಎಂತ ಮಾಡಿಬಿಟ್ಟೆ!' ಎಂದುಕೊಂಡು ಅವಳು ಚಾಪೆಯ ಮೇಲೆಯೇ ಕೂತುಬಿಟ್ಟಳು.

* * *

ಮರುದಿನವೇ ಪುಣೆಗೆ ಮೇಲ್ ಬರೆದಳು. ಆ ಸ್ಟಾಂಪು ವಾಪಸು ಬೇಕು, ದುಡ್ಡು ಕಂತಿನಲ್ಲಿ ಕೊಡುತ್ತೇನೆ ಎಂದು ಕೇಳಿಕೊಂಡಳು.

ಉತ್ತರ ಮೂರು ದಿನಕ್ಕೆ ಬಂತು. ದುಡ್ಡಿಗೆ ಕೊಡುವ ಮಾತೇ ಇಲ್ಲ. ಆದರೆ ನಿಮ್ಮ ಬಳಿ ಸಾವಂತವಾಡಿ ಸಂಸ್ಥಾನದ ಕೋರ್ಟ್ ಫೀ ಸ್ಟಾಂಪುಗಳ ಹದಿನೇಳರ ಸೆಟ್ಟು ಇದೆಯಲ್ಲ, ಅದನ್ನು ಕೊಟ್ಟರೆ ಯೋಚಿಸಬಹುದು!

ಅಮಿತಾ ಪರದೆ ನೋಡುತ್ತ ಕೂತಳು. ಅಪ್ಪ ಶುರು ಮಾಡಿದ್ದ ಸೆಟ್ಟು ಅದು. ಅವರ ಹತ್ತಿರ ಇದ್ದದ್ದು ನಾಲ್ಕು, ಉಳಿದ ಹದಿಮೂರನ್ನು ಅವಳು ಒಂಬತ್ತು ವರ್ಷ ಕಾದು, ಕದ್ದು ನೋಡಿ, ಅಗ್ಗದಲ್ಲಿ ಗಿಟ್ಟಿಸಿಕೊಂಡದ್ದು.

'ಬೇರೆ ದಾರಿ ಇದ್ದೇ ಇರ್ತದೆ...' ಅಂದುಕೊಂಡು ಮೇಲ್ ಮುಚ್ಚಿದಳು.

ಭಾನುವಾರ ರಾಜೀವ ಬಂದಾಗ ಅರ್ಧ ನಿಜ ಹೇಳಿದಳು. "ಕಟ್ಟು ಚೆಲ್ಲಾಪಿಲ್ಲಿ ಆಗಿದೆ. ನಾ ಹುಡುಕ್ತೆ. ಆದ್ರೆ ಆ ಕಂಪನಿಯ ಬೇರೆ ಕಾಗದವೂ ಗುಜರಿಗೆ ಹೋಗಿರ್ತದಲ್ಲ? ತಿಂಗಳಿಗೊಂದು ಚೀಟಿ ಅಂದ್ರೂ ನಿಮ್ಮ ಅವ್ವಿದು ಎಷ್ಟೋ ಇರಬೇಕು. ಕಂಪ್ಯೂಟರಲ್ಲಿ ನೋಡುವ."

"ನಂಗೆ ಅದೆಲ್ಲ ಬರೂದಿಲ್ಲ."

"ಕಣ್ಣಿದೆಯಲ್ಲ? ಸಾಕು."

ಹಾಗೆ ಶುರುವಾದವು ಅವರ ಭಾನುವಾರಗಳು.

ಒಂದೇ ಕಂಪ್ಯೂಟರು, ಎರಡು ಕುರ್ಚಿ. ಅವಳು ತಪ್ಪು ತಪ್ಪಾಗಿ ಟೈಪ್ ಮಾಡುವುದನ್ನು ನೋಡಿ ಅವನು ಮೊದಲ ದಿನ ಬಾಯಿ ಬಿಟ್ಟ. "ನೀವು ಟೈಪಿಂಗ್ ಮಾಡೂರಲ್ವಾ? ತಪ್ಪೇ ಹೊಡೀತ್ರಲ್ಲ!"

ಅಮಿತಾ ನಕ್ಕಳು. ತಾನು ನಕ್ಕದ್ದು ಕೇಳಿ ಅವಳಿಗೇ ಅಚ್ಚರಿಯಾಯಿತು.

ಎರಡನೇ ವಾರಕ್ಕೆ ಅವನ ಕಣ್ಣು ಪಳಗಿತು. ಸಮುದ್ರದ ಮೇಲೆ ದೂರದ ಹಕ್ಕಿ ನೋಡಿ ಮೀನು ಗುರುತಿಸುವ ಕಣ್ಣು ಅದು. "ಆ ಮೂಲೆ ದೊಡ್ಡ ಮಾಡಿ... ಕೆಂಪು ಗೆರೆ ಕಾಂತದಲ್ಲ, ಕಂಪನಿ ಚೀಟಿಗೆ ಹಾಂಗೇ ಗೆರೆ ಇತ್ತು." ಅದು ನಿಜವೇ ಆಗಿತ್ತು! ಯಾರೂ ಕೇಳದ ಒಂದು ಕಟ್ಟು ಎಪ್ಪತ್ತೈದು ರೂಪಾಯಿಗೆ ಬಂತು. ಒಳಗೆ ಆರು ಸಂಬಳದ ಚೀಟಿ, ಆರು ಹೆಬ್ಬೆಟ್ಟು. ನಾಗಿಯದು ಒಂದೂ ಇಲ್ಲ.

ಒಮ್ಮೆ ಇಬ್ಬರೂ ಭಟ್ಕಳಕ್ಕೇ ಹೋಗಿ ಸೈಬರಿನವನ ಹಿಂದಿನ ಕೋಣೆಯ ರದ್ದಿಯನ್ನೆಲ್ಲ ಕೆದಕಿದರು. ಸಂಜೆ ಬರುವಾಗ ಬಸ್ಸು ತುಂಬಿತ್ತು. ಒಂದೇ ಸೀಟು. ಅವನು ಅವಳನ್ನು ಕೂರಿಸಿ ಹೊನ್ನಾವರದವರೆಗೆ ನಿಂತೇ ಬಂದ. ಶರಾವತಿ ಸೇತುವೆಯ ಮೇಲೆ ಗಾಳಿ ಬೀಸಿದಾಗ ಅವಳು ಕೇಳಿದಳು. "ತಂಗಿಗೆ ಬೈದ್ರಾ?"

"ಯಾಕೆ?"

"ಟ್ರಂಕು ಕೊಟ್ಟದ್ದಕ್ಕೆ."

ರಾಜೀವ ಕಂಬಿ ಹಿಡಿದ ಕೈ ಬದಲಿಸಿದ. "ತಂಗಿಗೆ ಗೊತ್ತೇ ಇಲ್ಲ. ಧನ್ಯಶ್ರೀ ಹುಟ್ಟಿ ಹದಿನಾರನೇ ದಿನಕ್ಕೆ ಅವ್ವಿ ಹೋದ್ಲು. ಆಗ ನಂಗೆ ಹದಿನಾರು ವರ್ಷ. ಅಪ್ಪ ಆ ಮೊದಲೇ ದೋಣಿ ಮಗುಚಿ ಹೋಗಿದ್ದ. ಕೂಸಿಗೆ ಹಾಲು ಬಾಟ್ಲಿ ಹಿಡ್ದು ಸಾಕಿದ್ದು ನಾನೇಯ. ದೊಡ್ಡ ಆದ್ಮೇಲೆ ತೋರಿಸುವ, ದೊಡ್ಡ ಆದ್ಮೇಲೆ ತೋರಿಸುವ ಅಂತ ಆ ಚೀಟಿ ಮುಚ್ಚಿಟ್ಟೆ. ಈಗ ಅದನ್ನ ಗುಜರಿಗೆ ಹಾಕಿದ್ದು ತಾನೇ ಅಂತ ಗೊತ್ತಾದ್ರೆ ಅತ್ತು ಸಾಯ್ತದೆ. ನೀವೂ ಹೇಳ್ಬ್ಯಾಡಿ."

ಅಮಿತಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಣ್ಣು ತುಂಬಿದ್ದು ಕಾಣಬಾರದೆಂದು.

'ಇಂಥವನಿಗೆ ನಾನು ಸುಳ್ಳು ಹೇಳ್ತಾ ಇದ್ದೇನೆ...'

ಆ ಕ್ಷಣವೇ ಎಲ್ಲ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಇನ್ನೊಂದು ಚೀಟಿ ಸಿಕ್ಕಿಬಿಟ್ಟರೆ ಹೇಳುವ ಅಗತ್ಯವೇ ಬೀಳುವುದಿಲ್ಲವಲ್ಲ! ಸೆಟ್ಟೂ ಉಳಿಯುತ್ತದೆ, ಅವನೂ... ಅವನೂ ಉಳಿಯುತ್ತಾನೆ. ಮಾಡಿದ ತಪ್ಪನ್ನೂ ಅಗ್ಗದಲ್ಲೇ ತೀರಿಸಿಕೊಳ್ಳಲು ನೋಡುತ್ತಿದ್ದಳು ಅಮಿತಾ.

ಸಿಕ್ಕಿದ ಆರು ಹೆಬ್ಬೆಟ್ಟಿನಲ್ಲಿ ಒಂದು ಕಾಳಿಯದು. 'ಕಾಳಿ ಕೋಂ ಕುಪ್ಪ' ಎಂದಿತ್ತು. ರಾಜೀವನಿಗೆ ಗುರುತಿತ್ತು, ಅವ್ವಿಯ ಜೊತೆಯವಳು, ಈಗ ಮಗಳ ಮನೆಯಲ್ಲಿ ಕಾಗಾಲದಲ್ಲಿದ್ದಾಳೆ. ಮೇ ತಿಂಗಳ ಒಂದು ಬೆಳಿಗ್ಗೆ ಇಬ್ಬರೂ ಹುಡುಕಿಕೊಂಡು ಹೋದರು.

ಮುದುಕಿ ಚೀಟಿಯನ್ನು ಮುಟ್ಟಿ ನೋಡಿ ಪಕಪಕ ನಕ್ಕಳು. "ಇದು ನಂದಾ? ಎಷ್ಟು ಸಪೂರ ಇತ್ತಲ್ಲ ಬೆರಳು!" ಆಮೇಲೆ ನಾಗಿಯ ಮಾತು ಬಂತು. "ನಾಗಿ ಭಾರೀ ನಗೂದು. ಹಲ್ಲು ಒಂದ್ರ ಮೇಲೆ ಒಂದು ಇತ್ತು, ಅದಕ್ಕೆ ಕೈ ಅಡ್ಡ ಹಿಡ್ಕಂಡು ನಗೂದು. ಮೀನಿನ ಕೈ! ಮೂಗಿಗೇ ಹಿಡ್ಕಂಡ್ರೆ ನಾತ ಬರೂದಿಲ್ವಾ ಅಂತ ನಾವೆಲ್ಲ ಹೇಳೂದು. ಅದಕ್ಕೂ ನಗೂದು."

ಮೂವತ್ತನಾಲ್ಕರ ಗಂಡಸು ಆ ಜಗಲಿಯಲ್ಲಿ ಕೂತು ಕಣ್ಣೊರೆಸಿಕೊಂಡ.

ಕಾಳಿ ಅಮಿತಾಳತ್ತ ತಿರುಗಿದಳು. "ಹೆಂಡ್ತಿಯಾ ತಮಾ?"

ರಾಜೀವ ತಟಕ್ಕನೆ ಎದ್ದು ಚಪ್ಪಲಿ ಹುಡುಕಿದ. ಬಸ್ಸಿನವರೆಗೆ ಇಬ್ಬರೂ ನಡೆದರು. ಅಲ್ಲಿ ಅವನು ಮೆಲ್ಲಗೆ ಹೇಳಿದ. "ಚೀಟಿ ಸಿಗದಿದ್ರೂ ಅಡ್ಡಿಲ್ಲ ಮೇಡಮ್ಮೋರೆ. ನಂಗೆ ಎಷ್ಟೋ ಸಿಕ್ತು."

"ಮೇಡಮ್ ಅನ್ಬೇಡಿ. ಅಮಿತಾ ಅನ್ನಿ."

* * *

ಜುಲೈ. ಹೊರಗೆ ಧೋ ಎಂದು ಮಳೆ. ದೋಣಿಗಳೆಲ್ಲ ದಡದಲ್ಲಿದ್ದವು. ರಾಜೀವನ ಕೈ ವಾಸಿಯಾಗಿತ್ತು. ಆಗಸ್ಟಿಗೆ ಬೋಟು ಬಿಡುವ ಮೊದಲು ಒಮ್ಮೆ ಅವಳ ಮನೆಗೆ ಬಂದ. ರಮಾನಂದರಿಗೆಂದು ಬಾಳೆಲೆಯಲ್ಲಿ ಸುತ್ತಿದ ಹೊಳೆ ಮೀನು.

ಅಮಿತಾ ಒಳಗೆ ಚಹಾ ಕುದಿಸುತ್ತಿದ್ದಳು. ಹೊರಗೆ ಅಪ್ಪನ ದನಿ ಕೇಳಿಸುತ್ತಿತ್ತು.

"ಈಗ ಒಂದು ಕಣ್ಣು ಸಾಪಾಗಿ ಕಾಂತದೆ ತಮಾ. ನಿನ್ನ ಮೀನು ಯಾವ್ದು ಅಂತ್ಲೂ ಹೇಳ್ತೆ! ಎಲ್ಲ ನಮ್ಮ ಮಗಳ ಪುಣ್ಯ. ನಿಮ್ಮ ತದಡಿ ಕಡೆಯ ಒಂದು ಚೀಟಿ ಸಿಕ್ಕಿತ್ತು ಅವಳಿಗೆ. ಹತ್ತು ಪೈಸೇದು, ಮೇಲೆ ಯಾರದೋ ಹೆಬ್ಬೆಟ್ಟು. ಫೆಬ್ರವರಿಯಲ್ಲಿ ಪುಣೆಗೆ ಮಾರಿ, ಆ ದುಡ್ಡಲ್ಲೇ ನನ್ನ ಕಣ್ಣು..."

ಅಮಿತಾ ಚಹಾವನ್ನು ಒಲೆಯ ಮೇಲೇ ಬಿಟ್ಟು ಎದ್ದಳು.

ಅವಳು ಹೊರಗೆ ಬರುವಷ್ಟರಲ್ಲಿ ರಾಜೀವ ಎದ್ದು ನಿಂತಿದ್ದ. ಮುಖ ಬಿಳಚಿಕೊಂಡಿತ್ತು. ಆದರೂ ಮುದುಕರ ಎದುರು ದನಿ ಏರಿಸಲಿಲ್ಲ. "ಬರ್ತೆ" ಎಂದಷ್ಟೇ ಹೇಳಿ ಅಂಗಳಕ್ಕಿಳಿದ.

ಅವಳು ಮಳೆಯಲ್ಲೇ ಹಿಂದೆ ಓಡಿದಳು. "ರಾಜೀವ! ಒಂದು ಮಾತು ಕೇಳಿ..."

ಅವನು ತಿರುಗಿದ.

"ಮಾರಿದ್ದು ತಪ್ಪಲ್ಲ. ನಿಮಗೆ ಗೊತ್ತಿರ್ಲಿಲ್ಲ. ಅಪ್ಪನ ಕಣ್ಣಿಗೆ ಅಂದ್ರೆ ನಾನೇ ಮಾರ್ತಿದ್ದೆನೋ ಏನೋ. ಆದ್ರೆ ನಾಲ್ಕು ತಿಂಗ್ಳು... ಪ್ರತೀ ಆದಿತ್ಯವಾರ ಪಕ್ಕದಲ್ಲಿ ಕೂರಿಸ್ಕಂಡು ಹುಡುಕಿಸಿದ್ರಲ್ಲ ನನ್ನ ಕೈಲಿ! ಇಲ್ಲದ್ದನ್ನ!"

"ನೀವು ಬರೂದು ನಿಲ್ಲಿಸ್ತ್ರಿ ಅಂತ ಹೆದರಿಕೆ ಆಯ್ತು..."

ಬಾಯಿಂದ ಬಿದ್ದೇಬಿಟ್ಟಿತು ಮಾತು. ಮಳೆ ಇಬ್ಬರ ಮೇಲೂ ಸುರಿಯುತ್ತಿತ್ತು.

"ನಂಗೆ ದಣಿವಾಗಿದೆ ಅಮಿತಾ," ಅವನು ಹೇಳಿದ. "ಸಿಟ್ಟು ಮಾಡೂಕೂ ಆಗೂದಿಲ್ಲ."

ಹೋಗಿಬಿಟ್ಟ.

ಒಳಗೆ ಬಂದಾಗ ರಮಾನಂದರು ಗೋಡೆಗೊರಗಿ ಕೂತಿದ್ದರು. ಮಗಳು ಎಲ್ಲವನ್ನೂ ಹೇಳಿದಳು. ಬಿಕ್ಕುತ್ತಾ, ಮೂಗೊರೆಸಿಕೊಳ್ಳುತ್ತಾ, ಸಾವಂತವಾಡಿಯ ಸೆಟ್ಟಿನ ಮಾತಿನವರೆಗೂ.

ಅಪ್ಪ ಸುಮ್ಮನೆ ಎದ್ದು ಕಪಾಟಿನಿಂದ ಆಲ್ಬಮ್ ತಂದು ಅವಳ ಮಡಿಲಲ್ಲಿಟ್ಟರು. ಒಂದೊಂದೇ ಪುಟ ತಿರುವಿ, ವಾಸಿಯಾದ ಕಣ್ಣಿನಿಂದ ಹದಿನೇಳನ್ನೂ ಕೊನೆಯ ಸಲ ನೋಡಿದರು.

"ಚಂದ ಇದೆ ಅಲ್ದಾ?"

"ಹೂಂ ಅಪ್ಪ."

"ಕಳಿಸಿಬಿಡು. ನೀ ಇದನ್ನೆಲ್ಲ ಚೌಕಾಶಿ ಮಾಡಿ ತಕಂಡೆ, ನಾ ಬ್ಯಾಡ ಅಂದಿಲ್ಲ. ಕೆಲವಕ್ಕೆ ಚೌಕಾಶಿ ಮಾಡೂಕಾಗೂದಿಲ್ಲ ತಂಗೀ. ಕೇಳಿದಷ್ಟು ಕೊಟ್ಟು ಬಂದ್ಬಿಡೂದು."

ಮರುದಿನ ಅವಳು ಹದಿನೇಳನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ಪುಣೆಗೆ ಕಳಿಸಿದಳು. ಜೊತೆಗೊಂದು ಕಾಗದ. ಆ ಹೆಬ್ಬೆಟ್ಟು ಯಾರದೆಂದು ಅದರಲ್ಲಿ ಬರೆದಿದ್ದಳು.

ಆಗಸ್ಟ್ ಕೊನೆಗೆ ಉತ್ತರ ಬಂತು. ಹಾಳೆಗಳ ನಡುವೆ ಆ ಪುಟ್ಟ ಸ್ಟಾಂಪು. ಹದಿನೇಳರಲ್ಲಿ ಒಂದನ್ನೂ ಆ ಹಿರಿಯರು ಮರಳಿ ಕಳಿಸಿರಲಿಲ್ಲ. ಅವಳು ಬಯಸಿಯೂ ಇರಲಿಲ್ಲ.

ಸಂಬಳದ ಚೀಟಿಯ ಬಿಳಿಯ ಚೌಕದಲ್ಲಿ ಸ್ಟಾಂಪನ್ನು ಕೂರಿಸಿದಾಗ ಕರಿಗೆರೆಗಳು ಒಂದಕ್ಕೊಂದು ಸೇರಿದವು. ಪೂರಾ ಹೆಬ್ಬೆಟ್ಟು. ಅಗಲವಾದ, ನಡುವೆ ಸಣ್ಣ ಗಾಯದ ಗೀಟಿರುವ ಹೆಬ್ಬೆಟ್ಟು.

ಅವಳು ಅಘನಾಶಿನಿಯವರೆಗೆ ಬಸ್ಸಿನಲ್ಲಿ ಹೋಗಿ, ದೋಣಿ ಹತ್ತಿ ತದಡಿಗೆ ದಾಟಿದಳು. ರಾಜೀವ ಸಮುದ್ರದಲ್ಲಿದ್ದ. ಬಾಗಿಲು ತೆರೆದವಳು ಧನ್ಯಶ್ರೀ. ತೆಳ್ಳಗಿನ ಹುಡುಗಿ, ನಕ್ಕಾಗ ಹಲ್ಲು ಒಂದರ ಮೇಲೊಂದು.

ಅಮಿತಾ ಅರೆಗಳಿಗೆ ಆ ಮುಖವನ್ನೇ ನೋಡಿದಳು. ಆಮೇಲೆ ಅಂಟಿಸಿದ ಲಕೋಟೆ ಕೊಟ್ಟಳು. "ನಿಮ್ಮ ಅಣ್ಣಂದು. ತಾಲೂಕು ಆಫೀಸಿನ ಕಾಗದ. ಅವರ ಕೈಗೇ ಕೊಡಿ."

"ಚಾ ಕುಡ್ಕಂಡು ಹೋಗಿ ಅಕ್ಕ..."

"ದೋಣಿ ಹೋಗ್ತದೆ. ಇನ್ನೊಂದು ಸಲ."

ಇನ್ನೊಂದು ಸಲ ಇರುವುದಿಲ್ಲವೆಂದು ಅವಳಿಗೆ ಖಚಿತವಾಗಿತ್ತು.

* * *

ಸೆಪ್ಟೆಂಬರಿನಲ್ಲಿ ರಮಾನಂದರ ಬಲಗಣ್ಣಿನ ಸರದಿ. ಅದಕ್ಕಾಗಿ ಅಮಿತಾ ಎರಡು ತಿಂಗಳು ಹೆಚ್ಚುವರಿ ಟೈಪಿಂಗ್ ಮಾಡಿದ್ದಳು. ಹೊನ್ನಾವರದ ಆಸ್ಪತ್ರೆಯ ಪಡಸಾಲೆಯ ಸಿಮೆಂಟಿನ ಬೆಂಚಿನಲ್ಲಿ ಬೆಳಿಗ್ಗೆ ಎಂಟರಿಂದ ಕೂತಿದ್ದಳು. ಹನ್ನೊಂದಾಯಿತು. ಹಸಿವೂ ಇರಲಿಲ್ಲ, ನಿದ್ದೆಯೂ ಇರಲಿಲ್ಲ, ಬರಿಯ ಸುಸ್ತು.

"ಅಪ್ಪ ಒಳಗಿದ್ರಾ?"

ಅವಳು ಬೆಚ್ಚಿ ನೋಡಿದಳು. ರಾಜೀವ!

ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದ, ಗಡ್ಡ ಬಂದಿತ್ತು. ಕೈಯಲ್ಲಿ ಕಾಗದದ ಪೊಟ್ಟಣ, ಬಿಸಿ ಬನ್ಸಿನ ವಾಸನೆ.

"ನೀವು... ಇಲ್ಲಿ..."

"ನಿನ್ನೆ ಬೋಟು ಬಂತು. ಬೆಳಿಗ್ಗೆ ಕುಮಟಾಕ್ಕೆ ಬಂದೆ. ನಿಮ್ಮ ಟೈಪಿಂಗ್ ಮೇಜು ಖಾಲಿ. ಪಕ್ಕದವ್ರು ಹೇಳಿದ್ರು." ಅವನು ಬೆಂಚಿನ ಆ ತುದಿಯಲ್ಲಿ ಕೂತ. ನಡುವೆ ಪೊಟ್ಟಣ ಇಟ್ಟ. "ತಿನ್ನಿ. ಎಂತದೂ ತಿಂದಿಲ್ಲ ನೀವು, ಮುಖ ನೋಡಿದ್ರೆ ಗೊತ್ತಾಗ್ತದೆ."

ಅವಳು ಪೊಟ್ಟಣ ಮುಟ್ಟಲಿಲ್ಲ. "ಸಿಕ್ತಾ... ಲಕೋಟೆ?"

"ಸಿಕ್ತು."

ಅವನು ಪೊಟ್ಟಣವನ್ನು ಬಿಚ್ಚಿ ಅವಳತ್ತ ಸರಿಸಿದ.

"ಧನ್ಯಶ್ರೀಗೆ ಎಲ್ಲ ಹೇಳಿದೆ," ರಾಜೀವ ಅಂದ. "ಟ್ರಂಕಿನ ಸಂಗ್ತಿಯನ್ನೂ. ನೀವು ಅಷ್ಟು ದೂರ ಬಂದು, ಆಫೀಸಿನ ಕಾಗದ ಅಂತ ನನ್ನ ಗುಟ್ಟು ಕಾದ್ರಿ... ನಾನೇ ಮುಚ್ಚಿಡೂದು ಸಮ ಅಲ್ಲ ಅನಿಸ್ತು. ಅತ್ತಿತು. ಆಮೇಲೆ ತನ್ನ ಹೆಬ್ಬೆಟ್ಟು ಅದರ ಮೇಲೆ ಇಟ್ಟು ನೋಡ್ತು. 'ಅವ್ವಿದು ನಂದಕ್ಕಿಂತ ದೊಡ್ಡದು ಅಣ್ಣ' ಅಂತು. ಹದಿನೆಂಟು ವರ್ಷದಲ್ಲಿ ತಂಗಿ ಅವ್ವಿ ಬಗ್ಗೆ ಹೇಳಿದ ಮೊದಲ ಮಾತು ಅದು. ಅಲ್ಲಿವರೆಗೆ ಬರೇ ಕೇಳೂದೇ ಆಗಿತ್ತು."

ಅಮಿತಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಎಂತ ಕೊಟ್ಟು ತಂದ್ರಿ ಅದನ್ನ?"

"ಎಂತದೋ ಒಂದು. ಬಿಡಿ."

"ನೀವು ಪುಣೆಗೆ ಬರೆದದ್ದು ಅಲ್ಲೇ ಅಲ್ವಾ, ಕುಮಟಾದ ಸೈಬರಿನವ ಹೇಳ್ದ. ಒಂಬತ್ತು ವರ್ಷ ಕೂಡಿಸಿದ ಸೆಟ್ಟಂತೆ."

"ಹಾಗಾದ್ರೆ ಗೊತ್ತಿದ್ದೂ ಯಾಕೆ ಕೇಳ್ತ್ರಿ!"

"ನೀವು ಹೇಳ್ತ್ರೋ ಇಲ್ವೋ ನೋಡೂಕೆ." ಅವನ ಮೀಸೆಯಡಿ ಒಂದು ಸಣ್ಣ ನಗು ಸುಳಿಯಿತು. "ಸುಳ್ಳೂ ಹೇಳೂದಿಲ್ಲ, ನಿಜವೂ ಹೇಳೂದಿಲ್ಲ. ನಿಮ್ಮ ಸಂಗ್ತಿಯೇ ಕಷ್ಟ ಮಾರಾಯ್ತಿ."

ಅಳುವಿನ ನಡುವೆ ಅವಳಿಗೂ ನಗು ಬಂತು.

"ಇನ್ನು ಎಲ್ಲ ಹೇಳ್ತೆ," ಅವಳೆಂದಳು. "ಅವತ್ತು ಮಳೆಯಲ್ಲಿ ಹೇಳಿದ್ನಲ್ಲ, ನೀವು ಬರೂದು ನಿಲ್ಲಿಸ್ತ್ರಿ ಅಂತ ಹೆದರಿಕೆ ಅಂತ... ಅದು ನಿಜ. ಈಗಲೂ ಅದೇ ಹೆದರಿಕೆ."

ರಾಜೀವ ತನ್ನ ಕೈಗಳನ್ನೇ ನೋಡಿಕೊಂಡ. ಹಗ್ಗ ಎಳೆದು ಒಡೆದ ಅಂಗೈ.

"ನಂಗೆ ಮೂವತ್ತನಾಲ್ಕು. ಬಂದು ಕೇಳೂಕೆ ಮನೇಲಿ ದೊಡ್ಡವ್ರು ಯಾರೂ ಇಲ್ಲ. ಜಾತಿ ಬೇರೆ. ಎಂಟು ತಿಂಗ್ಳು ನೀರ ಮೇಲೆ ಇರ್ತೆ. ಇಷ್ಟೆಲ್ಲ ಗೊತ್ತಿದ್ದೂ ನಾನೇ ಕೇಳ್ತೆ, ನಗಬ್ಯಾಡಿ... ನನ್ನ ಮದುವೆ ಆಗ್ತ್ರಿಯಾ?"

ಹೊರಗೆ ಯಾರೋ ಆಟೋದವನ ಜೊತೆ ಜಗಳವಾಡುತ್ತಿದ್ದರು. ಒಳಗಿನಿಂದ ನರ್ಸು ಬಂದು "ರಮಾನಂದರ ಕಡೆಯವರು ಯಾರು? ಆಪರೇಷನ್ ಆತು, ಚಲೋ ಆತು. ಇನ್ನರ್ಧ ತಾಸಿಗೆ ಕಳಿಸ್ತೇವೆ" ಎಂದು ಹೇಳಿ ಹೋದಳು.

ಅಮಿತಾ ದೀರ್ಘವಾಗಿ ಉಸಿರು ಬಿಟ್ಟಳು. ಎಷ್ಟೋ ವರ್ಷಗಳಿಂದ ಒಳಗೇ ಹಿಡಿದಿಟ್ಟ ಉಸಿರು ಅದು.

"ನಾನು ಸೋತು ಹೋಗಿದ್ದೇನೆ ರಾಜೀವ. ಹೊಸ ಹುಡುಗಿಯರ ಹಾಗೆ ಸಂಭ್ರಮ ಪಡೂಕೂ ಬರೂದಿಲ್ಲ ನಂಗೆ."

"ಗೊತ್ತು."

"ಬೆನ್ನು ನೋವು ಬೇರೆ."

"ನಂಗೆ ಮಣಿಕಟ್ಟು."

ಅವಳು ಪ್ರೀತಿಯಿಂದ ಅವನತ್ತ ನೋಡಿದಳು. ನಡುವೆ ಇದ್ದ ಪೊಟ್ಟಣವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಖಾಲಿಯಾದ ಜಾಗಕ್ಕೆ ಅವನು ಸರಿದು ಕೂತ.

"ಆತು," ಅವಳೆಂದಳು.

"ಎಂತ ಆತು?"

"ಕೇಳಿದ್ರಲ್ಲ... ಅದಕ್ಕೆ. ಆತು."

ಅವಳು ಕಣ್ಣು ಮುಚ್ಚಿ, ತಲೆಯನ್ನು ಮೆಲ್ಲಗೆ ಅವನ ಭುಜಕ್ಕಾನಿಸಿದಳು.

"ಅಪ್ಪ ಬರೂಕೆ ಇನ್ನೂ ಅರ್ಧ ತಾಸು ಇದೆ ಅಲ್ದಾ?"

"ಇದೆ. ನಿದ್ದೆ ಮಾಡು ಅಮಿತಾ. ನಾ ಇಲ್ಲೇ ಇರ್ತೆ."